ಬಿಸಿಲಲ್ಲಿ ಎರಡು ನೆರಳು: 1982ರ ಬಾಸ್ಟನ್ ಓಟ

(ತುಮಕೂರಿನಲ್ಲಿ ಒಂದು ಭಾನುವಾರ ಬೆಳಿಗ್ಗೆ ಓಟದ ಗೆಳೆಯರ ಮುಂದೆ ಆಡಿದ ಮಾತು. ಕೇಳಿದವರು ಬರೆದುಕೊಡಿ ಎಂದಿದ್ದಕ್ಕೆ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಅಮಾನಿಕೆರೆ ಹತ್ತಿರ ಓಡಿ, ಬೆವರು ಆರುವ ಮೊದಲೇ ಇಲ್ಲಿ ಬಂದು ಕೂತಿದ್ದೀರಿ. ಹಿಂದಿನ ಸಾಲಿನಲ್ಲಿ ಹೈಸ್ಕೂಲು ಮಕ್ಕಳೂ ಕಾಣುತ್ತಿದ್ದಾರೆ. ಅವರು ಬರುತ್ತಾರೆ ಎಂದು ನಿನ್ನೆ ರಾತ್ರಿ ಗೊತ್ತಾಯಿತು. ಆಗ ಇವತ್ತಿನ ಮಾತನ್ನು ಸ್ವಲ್ಪ ಬದಲಾಯಿಸಿಕೊಂಡೆ. ಜೀವನವೆಲ್ಲ ಪಿ.ಟಿ. ಮೇಷ್ಟ್ರಾಗಿದ್ದವನು ನಾನು. ಮಕ್ಕಳು ಎದುರಿಗೆ ಕೂತಿರುವಾಗ ಸುಮ್ನೆ ಒಂದು ಕಥೆ ಹೇಳಿ ಎದ್ದು ಹೋಗಲು ಮನಸ್ಸು ಬರುವುದಿಲ್ಲ.

ಇವತ್ತು ಹೇಳುವುದು ಒಂದೇ ಓಟದ ವಿಷಯ. 1982ರ ಏಪ್ರಿಲ್ 19, ಸೋಮವಾರ. ಅಮೆರಿಕದ ಬಾಸ್ಟನ್ ನಗರದ ಮ್ಯಾರಥಾನ್. ಮೊದಲು ಬಂದವರು ಆಲ್ಬರ್ಟೊ ಸಲಜಾರ್, 2 ಗಂಟೆ 8 ನಿಮಿಷ 52 ಸೆಕೆಂಡ್. ಎರಡನೆಯವರು ಡಿಕ್ ಬಿಯರ್ಡ್‌ಸ್ಲಿ, 2 ಗಂಟೆ 8 ನಿಮಿಷ 54 ಸೆಕೆಂಡ್. ಯಾರು ಗೆದ್ದರು ಎಂದು ಮೊದಲೇ ಹೇಳಿಬಿಟ್ಟಿದ್ದೇನೆ. ಇನ್ನು ನೀವು ಅದಕ್ಕಾಗಿ ಕಾಯಬೇಕಿಲ್ಲ, ದಾರಿಯನ್ನು ನೋಡಬಹುದು.

ಎರಡು ಸೆಕೆಂಡ್ ಅಂದರೆ ಎಷ್ಟು ದೂರ? ಅವರ ವೇಗದಲ್ಲಿ ಸುಮಾರು 11 ಮೀಟರ್. ಇಲ್ಲಿ ಕಬಡ್ಡಿ ಆಡುವ ಹುಡುಗರಿದ್ದೀರಲ್ಲ, ನಿಮ್ಮ ಅಂಕಣದ ಉದ್ದ 13 ಮೀಟರ್. ಅದಕ್ಕಿಂತಲೂ ಕಡಿಮೆ. 42 ಕಿಲೋಮೀಟರ್ ಓಡಿ ಬಂದ ಇಬ್ಬರ ನಡುವೆ ಒಂದು ಕಬಡ್ಡಿ ಅಂಕಣದಷ್ಟೂ ಜಾಗ ಇರಲಿಲ್ಲ.

42 ಕಿಲೋಮೀಟರ್ ಎಂದರೂ ತಲೆಯಲ್ಲಿ ಕೂರುವುದಿಲ್ಲ. ಹೀಗೆ ನೋಡಿ. ನಮ್ಮ ಟೌನ್‌ಹಾಲ್ ಸರ್ಕಲ್‌ನಲ್ಲಿ ನಿಂತು ಬೆಂಗಳೂರಿನ ಕಡೆ ಮುಖ ಮಾಡಿ. ಬಿ.ಎಚ್. ರಸ್ತೆ ಹಿಡಿದು ಹೊರಡಿ. ಕ್ಯಾತ್ಸಂದ್ರ ದಾಟಿದಿರಿ. ಬಲಗಡೆ ದೂರದಲ್ಲಿ ಶಿವಗಂಗೆ ಬೆಟ್ಟ ಕಾಣಿಸಿತು, ದಾಬಸ್‌ಪೇಟೆ ಬಂತು. ಅಲ್ಲಿಗೆ ಹೆಚ್ಚುಕಡಿಮೆ ಅರ್ಧ ದಾರಿ. ಇನ್ನೂ ಅಷ್ಟೇ ದೂರ ಓಡಿದರೆ ನೆಲಮಂಗಲ. ತುಮಕೂರಿನಿಂದ ನೆಲಮಂಗಲಕ್ಕೆ ಇರುವ ದೂರವೇ ಹತ್ತತ್ತಿರ ಒಂದು ಮ್ಯಾರಥಾನ್. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹೋಗುವಾಗ ಒಂದು ಸಲ ಇದನ್ನು ನೆನಪಿಸಿಕೊಳ್ಳಿ. ಆ ಇಬ್ಬರು ಈ ದೂರವನ್ನು ಒಂದೊಂದು ಕಿಲೋಮೀಟರಿಗೆ 3 ನಿಮಿಷ 3 ಸೆಕೆಂಡಿನಂತೆ ಓಡಿದರು. ಗಂಟೆಗೆ 19 ಕಿಲೋಮೀಟರಿಗಿಂತ ಜಾಸ್ತಿ. ಆರಾಮಾಗಿ ಸೈಕಲ್ ತುಳಿಯುವವನಿಗೆ ಅವರು ಸಿಗುವುದಿಲ್ಲ. ನಮ್ಮ ಮಹಾತ್ಮ ಗಾಂಧಿ ಕ್ರೀಡಾಂಗಣದಲ್ಲಿ 400 ಮೀಟರಿನ ಒಂದು ಸುತ್ತನ್ನು 73 ಸೆಕೆಂಡಿನಲ್ಲಿ ಓಡಿ ನೋಡಿ. ಶಾಲೆಯ ಚುರುಕಾದ ಹುಡುಗರಿಗೆ ಒಂದೆರಡು ಸುತ್ತು ಆಗಬಹುದು. ಅಂಥವು 105 ಸುತ್ತು, ನಡುವೆ ಒಮ್ಮೆಯೂ ನಿಲ್ಲದೆ.

ಬಾಸ್ಟನ್ ಓಟವೂ ಹೀಗೇ ಒಂದೂರಿನಿಂದ ಇನ್ನೊಂದೂರಿಗೆ. ಹಾಪ್ಕಿಂಟನ್ ಎಂಬ ಸಣ್ಣ ಊರಿನಲ್ಲಿ ಹೊರಟು, ಪೂರ್ವಕ್ಕೆ ಓಡಿ, ಬಾಸ್ಟನ್ ನಗರದ ನಡುವೆ ಮುಗಿಯುತ್ತದೆ. 1897ರಿಂದ ನಡೆಯುತ್ತಿರುವ ಓಟ. ಪ್ರತಿ ವರ್ಷ ಏಪ್ರಿಲ್ ತಿಂಗಳ ಮೂರನೇ ಸೋಮವಾರ ಅಲ್ಲಿ ಸರ್ಕಾರಿ ರಜೆ, ಅವತ್ತೇ ಓಟ. ನಮ್ಮ ಕಡೆ ಜಾತ್ರೆಗೆ ರಸ್ತೆಯ ಎರಡೂ ಬದಿ ಜನ ನಿಲ್ಲುತ್ತಾರಲ್ಲ, ಹಾಗೆ ನಿಲ್ಲುತ್ತಾರೆ. ಗೆದ್ದವರಿಗೆ ಆ ಕಾಲದಲ್ಲಿ ಬಹುಮಾನದ ಹಣ ಇರಲಿಲ್ಲ. ಅದು ಶುರುವಾಗಿದ್ದು 1986ರಲ್ಲಿ. 1982ರಲ್ಲಿ ಗೆದ್ದವರ ತಲೆಗೆ ಎಲೆಯ ಕಿರೀಟ ಇಡುತ್ತಿದ್ದರು, ಒಂದು ಪದಕ ಕೊಡುತ್ತಿದ್ದರು.

ಆಗ ಓಟ ಶುರುವಾಗುತ್ತಿದ್ದದ್ದು ಮಧ್ಯಾಹ್ನ 12 ಗಂಟೆಗೆ. ನೆತ್ತಿಯ ಮೇಲೆ ಸೂರ್ಯ ಇರುವಾಗ. ನಾವು ಇಲ್ಲಿ ಬೆಳಿಗ್ಗೆ ಐದಕ್ಕೆ ಎದ್ದು, ಏಳರೊಳಗೆ ಮುಗಿಸಿಬಿಡಬೇಕು ಎನ್ನುತ್ತೇವೆ, ಅಲ್ವಾ? ಅಲ್ಲಿ ಏಪ್ರಿಲ್ ಎಂದರೆ ಚಳಿ ಇನ್ನೂ ಪೂರ್ತಿ ಹೋಗಿರುವುದಿಲ್ಲ. ಹಾಗಾಗಿ ಸಾಮಾನ್ಯವಾಗಿ ನಡೆದುಹೋಗುತ್ತಿತ್ತು. ಆ ವರ್ಷ ಏನಾಯಿತು ಕೇಳಿ. ಏಪ್ರಿಲ್ 6ರಂದು ಆ ಭಾಗದಲ್ಲಿ ದೊಡ್ಡ ಹಿಮಬಿರುಗಾಳಿ. ರಸ್ತೆಯೆಲ್ಲ ಹಿಮ. ಅದಾದ ಎರಡೇ ವಾರಕ್ಕೆ ಓಟದ ದಿನ ಮೋಡವೇ ಇಲ್ಲದ ಬಿಸಿಲು, ಇಪ್ಪತ್ತು ಡಿಗ್ರಿಗೂ ಮೇಲೆ. ನಮಗೆ ಅದು ಸಂಕ್ರಾಂತಿ ಹೊತ್ತಿನ ಹವೆ, ಬಿಸಿಲೇ ಅಲ್ಲ. ಆದರೆ ಇಡೀ ಚಳಿಗಾಲ ಹಿಮದಲ್ಲಿ ಓಡಿ ಬಂದ ಮೈಗೆ ಅದು ಬಿಸಿಲೇ. ದೇಹ ಬಿಸಿಲಿಗೆ ಹೊಂದಿಕೊಳ್ಳಲು ಹತ್ತು ದಿನದಿಂದ ಎರಡು ವಾರ ಬೇಕು. ಅವತ್ತು ಯಾರಿಗೂ ಆ ಅವಕಾಶ ಸಿಗಲಿಲ್ಲ.

ಈಗ ಆ ಇಬ್ಬರ ವಿಷಯ.

ಸಲಜಾರ್ ಹುಟ್ಟಿದ್ದು ಕ್ಯೂಬಾದ ಹವಾನಾದಲ್ಲಿ, 1958ರಲ್ಲಿ. ಬೆಳೆದದ್ದು ಬಾಸ್ಟನ್ ಪಕ್ಕದ ವೇಲ್ಯಾಂಡ್ ಎಂಬ ಊರಿನಲ್ಲಿ. ಅವರಿಗೆ ಅದು ಮನೆಯಂಗಳದ ಓಟ. ವಯಸ್ಸು 23. 1980 ಮತ್ತು 1981ರಲ್ಲಿ ನ್ಯೂಯಾರ್ಕ್ ಮ್ಯಾರಥಾನ್ ಗೆದ್ದಿದ್ದರು. 1981ರ 2 ಗಂಟೆ 8 ನಿಮಿಷ 13 ಸೆಕೆಂಡನ್ನು ವಿಶ್ವದಾಖಲೆ ಎಂದು ಸಾರಿದ್ದರು. ಕೆಲವು ವರ್ಷಗಳ ನಂತರ ಆ ದಾರಿಯನ್ನು ಮತ್ತೆ ಅಳೆದಾಗ ಸುಮಾರು 150 ಮೀಟರ್ ಕಡಿಮೆ ಇತ್ತು, ದಾಖಲೆ ಹೋಯಿತು. ಆದರೆ 1982ರಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ಬಾಸ್ಟನ್‌ಗೆ ಅವರು ಬಂದದ್ದು ಜಗತ್ತಿನ ಅತಿ ವೇಗದ ಮ್ಯಾರಥಾನ್ ಓಟಗಾರ ಎಂಬ ಹೆಸರಿನಲ್ಲಿ.

ಬಿಯರ್ಡ್‌ಸ್ಲಿಗೆ 26 ವರ್ಷ. ಮಿನ್ನೆಸೋಟ ರಾಜ್ಯದವರು, ಹಾಲು ಕರೆಯುವ ಹೈನುಗಾರಿಕೆ ಗೊತ್ತಿದ್ದವರು. ದೊಡ್ಡ ಪ್ರತಿಭೆ ಎಂದು ಚಿಕ್ಕಂದಿನಲ್ಲಿ ಯಾರೂ ಹೇಳಿರಲಿಲ್ಲ. ಒಂದೊಂದು ಮ್ಯಾರಥಾನಿನಲ್ಲಿ ಒಂದಿಷ್ಟು ಸಮಯ ಇಳಿಸುತ್ತಾ, ಮೆಟ್ಟಿಲು ಹತ್ತಿದ ಹಾಗೆ ಮೇಲೆ ಬಂದವರು. 1981ರ ಮಾರ್ಚ್ 29ರಂದು ಈಗಿನ ಲಂಡನ್ ಮ್ಯಾರಥಾನ್ ಮೊಟ್ಟಮೊದಲ ಸಲ ನಡೆಯಿತು. ಅವತ್ತು ಮಳೆ. ಬಿಯರ್ಡ್‌ಸ್ಲಿ ಮತ್ತು ನಾರ್ವೆಯ ಇಂಗೆ ಸಿಮೊನ್ಸೆನ್ ಇಬ್ಬರೂ ಕೊನೆಯವರೆಗೆ ಜೊತೆಯಲ್ಲೇ ಓಡಿದರು. ಗೆರೆ ಹತ್ತಿರ ಬಂದಾಗ ಕೈ ಕೈ ಹಿಡಿದು ಒಟ್ಟಿಗೇ ದಾಟಿದರು. 2 ಗಂಟೆ 11 ನಿಮಿಷ 48 ಸೆಕೆಂಡ್, ಇಬ್ಬರಿಗೂ ಮೊದಲ ಸ್ಥಾನ. ಆ ಫೋಟೊ ನಿಮ್ಮ ಫೋನಿನಲ್ಲೇ ಸಿಗುತ್ತದೆ, ಮನೆಗೆ ಹೋಗಿ ನೋಡಿ. ನನಗೆ ಅದು ತುಂಬಾ ಇಷ್ಟ. ಬಾಸ್ಟನ್‌ನಲ್ಲಿ ಕೊನೆಯ ಮೀಟರಿನವರೆಗೂ ಬಡಿದಾಡಿದವರೂ ಅದೇ ಮನುಷ್ಯ.

ಮೊದಲ ಅರ್ಧದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಾಲ್ಕು ಸಲ ಬಾಸ್ಟನ್ ಗೆದ್ದಿದ್ದ ಬಿಲ್ ರಾಜರ್ಸ್ ಕೂಡ ಮುಂದಿನ ಗುಂಪಿನಲ್ಲಿದ್ದರು. ಅರ್ಧ ದಾರಿಯಲ್ಲಿ ವೆಲ್ಸ್ಲಿ ಎಂಬಲ್ಲಿ ಹೆಣ್ಣುಮಕ್ಕಳ ಕಾಲೇಜು ಇದೆ. ಆ ಹುಡುಗಿಯರ ಕೂಗು ಓಟಗಾರರಿಗೆ ಬಹಳ ಮೊದಲೇ ಕೇಳಿಸುತ್ತದಂತೆ. ಗುಂಪು ಕರಗುತ್ತಾ ಬಂತು. ಸುಮಾರು 27ನೇ ಕಿಲೋಮೀಟರ್ ದಾಟುವ ಹೊತ್ತಿಗೆ ಉಳಿದದ್ದು ಇವರಿಬ್ಬರೇ.

ಅಲ್ಲಿಂದ ನ್ಯೂಟನ್ ಗುಡ್ಡಗಳು. ಒಂದಾದ ಮೇಲೊಂದು ಏರು. ಕೊನೆಯದಕ್ಕೆ ಹಾರ್ಟ್‌ಬ್ರೇಕ್ ಹಿಲ್ ಎಂದು ಹೆಸರು, ಎದೆಯೊಡೆಯುವ ಗುಡ್ಡ. ನಿಜ ಹೇಳಬೇಕೆಂದರೆ ಅದು ಗುಡ್ಡವೇ ಅಲ್ಲ. ಸುಮಾರು 600 ಮೀಟರ್ ದೂರದಲ್ಲಿ 27 ಮೀಟರ್ ಏರುತ್ತದೆ, ಅಷ್ಟೇ. ದೇವರಾಯನದುರ್ಗದ ರಸ್ತೆಯಲ್ಲಿ ಓಡಿ ಅಭ್ಯಾಸ ಇರುವ ನೀವು ಇದೇನು ಎನ್ನುತ್ತೀರಿ. ಆದರೆ ಅದು ಬರುವುದು 32 ಕಿಲೋಮೀಟರ್ ಆದ ಮೇಲೆ. ನಮ್ಮ ಮೈ ಅನ್ನ, ಮುದ್ದೆಯಿಂದ ಬಂದ ಸಕ್ಕರೆಯನ್ನು ಗ್ಲೈಕೋಜನ್ ರೂಪದಲ್ಲಿ ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟಿರುತ್ತದೆ. ಜೋರಾಗಿ ಓಡಿದರೆ ಹೆಚ್ಚೂಕಡಿಮೆ 30 ಕಿಲೋಮೀಟರಿಗೆ ಆ ಕಣಜ ಬರಿದಾಗುತ್ತಾ ಬರುತ್ತದೆ. ಕಣಜ ಬರಿದಾಗುವ ಜಾಗದಲ್ಲೇ ಆ ಏರು ಕೂತಿದೆ.

ಅದಕ್ಕಿಂತ ಕೆಟ್ಟದ್ದು ಇಳಿಜಾರು. ಇದನ್ನು ಮಕ್ಕಳು ಗಮನಿಸಬೇಕು. ಬೆಟ್ಟ ಹತ್ತಿದ ದಿನಕ್ಕಿಂತ ಇಳಿದ ಮಾರನೇ ದಿನ ತೊಡೆ ಜಾಸ್ತಿ ನೋಯುತ್ತದೆ, ಗಮನಿಸಿದ್ದೀರಾ? ಹತ್ತುವಾಗ ತೊಡೆಯ ಸ್ನಾಯು ಮುದುಡಿಕೊಂಡು ಮೈಯನ್ನು ಎತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ಎಳೆದುಕೊಂಡು ಉದ್ದವಾಗುತ್ತಲೇ ಬ್ರೇಕ್ ಹಿಡಿಯಬೇಕು. ಆ ಎಳೆತಕ್ಕೆ ಒಳಗಿನ ಎಳೆಗಳು ಸಣ್ಣಸಣ್ಣದಾಗಿ ಹರಿಯುತ್ತವೆ. ಬಾಸ್ಟನ್ ದಾರಿ ಮೊದಲ ಕಿಲೋಮೀಟರುಗಳಲ್ಲೇ ಚೆನ್ನಾಗಿ ಇಳಿಯುತ್ತದೆ. ಆರಾಮಾಗಿದೆ ಎಂದು ಓಡಿಬಿಡುತ್ತೀರಿ. ಆ ಸಾಲ ತೀರಿಸಬೇಕಾಗುವುದು ಕೊನೆಯಲ್ಲಿ, ಗುಡ್ಡ ದಾಟಿ ಮತ್ತೆ ಇಳಿಯುವಾಗ.

ಈ ಹೊತ್ತಿಗೆ ಬಿಯರ್ಡ್‌ಸ್ಲಿ ಮುಂದೆ, ಸಲಜಾರ್ ಒಂದು ಹೆಜ್ಜೆ ಹಿಂದೆ. ಸುಮಾರು 14 ಕಿಲೋಮೀಟರ್ ಹೀಗೇ ಓಡಿದರು. ಬಿಯರ್ಡ್‌ಸ್ಲಿ ತಿರುಗಿ ನೋಡಲಿಲ್ಲ. ತಿರುಗಿ ನೋಡಿದರೆ ಹಿಂದಿನವನಿಗೆ ಧೈರ್ಯ ಬರುತ್ತದೆ, ಇದು ನಮ್ಮ ತಾಲ್ಲೂಕು ಮಟ್ಟದ ಹುಡುಗರಿಗೂ ಗೊತ್ತು. ಮತ್ತೆ ಹಿಂದಿನವನು ಎಲ್ಲಿದ್ದಾನೆ ಎಂದು ತಿಳಿಯುವುದು ಹೇಗೆ?

ನೆರಳು. ಅವರು ಓಡುತ್ತಿದ್ದದ್ದು ಪೂರ್ವಕ್ಕೆ. ಹೊತ್ತು ಮಧ್ಯಾಹ್ನ ತಿರುಗಿ ಸೂರ್ಯ ಬೆನ್ನ ಹಿಂದಕ್ಕೆ ವಾಲಿದ್ದ. ಇಬ್ಬರ ನೆರಳೂ ರಸ್ತೆಯ ಮೇಲೆ ಅವರ ಮುಂದೆ ಬೀಳುತ್ತಿತ್ತು. ಬಿಯರ್ಡ್‌ಸ್ಲಿ ತನ್ನ ನೆರಳಿನ ಪಕ್ಕ ಸಲಜಾರ್ ನೆರಳನ್ನು ನೋಡುತ್ತಾ ಓಡಿದರು. ಆ ನೆರಳು ಸ್ವಲ್ಪ ಮುಂದೆ ಸರಿದರೆ ಇವರು ವೇಗ ಹೆಚ್ಚಿಸುವುದು. ಹಿಂದೆ ಸರಿದರೆ ಉಸಿರು ಎಳೆದುಕೊಳ್ಳುವುದು. ಕಾಲಿನ ಅರಿವೇ ಹೋಗಿತ್ತು, ಇನ್ನೊಂದು ಮೈಲಿ, ಇನ್ನೊಂದು ಮೈಲಿ ಎಂದು ಮನಸ್ಸಿಗೆ ಹೇಳಿಕೊಳ್ಳುತ್ತಾ ಹೋದೆ ಎಂದು ಅವರು ಆಮೇಲೆ ನೆನೆದಿದ್ದಾರೆ. ರಸ್ತೆಯ ಡಾಂಬರಿನ ಮೇಲೆ ಎರಡು ನೆರಳು ಮುಕ್ಕಾಲು ಗಂಟೆ ಹಾಗೆ ಅಂಟಿಕೊಂಡು ಓಡಿದವು. ನೀವೂ ಒಂದು ಸಂಜೆ ಗೆಳೆಯನ ಜೊತೆ ಸೂರ್ಯನಿಗೆ ಬೆನ್ನು ಮಾಡಿ ಓಡಿ ನೋಡಿ. ನೆರಳು ನೋಡಿಕೊಂಡು ಓಡುವುದು ಏನು ಎಂದು ಮೈಗೇ ತಿಳಿಯುತ್ತದೆ.

ಇನ್ನು ನೀರಿನ ಮಾತು. ನಾನು ಇವತ್ತು ಹೇಳಲೇಬೇಕು ಎಂದು ಬಂದದ್ದು ಇದನ್ನೇ.

ಬಿಯರ್ಡ್‌ಸ್ಲಿ ದಾರಿಯಲ್ಲಿ ಸಿಕ್ಕಲ್ಲೆಲ್ಲ ನೀರು ತೆಗೆದುಕೊಂಡರು. ಸಲಜಾರ್ ಇಡೀ ದಾರಿಗೆ ಕುಡಿದದ್ದು ಬರೀ ಎರಡು ಲೋಟ ಎಂದು ಆ ಓಟದ ಬಗ್ಗೆ ಬರೆದವರು ಹೇಳುತ್ತಾರೆ. ಅವರು ಹೆಚ್ಚು ಬೆವರುವ ಮೈಯವರು. 1984ರ ಒಲಿಂಪಿಕ್ಸ್ ಸಮಯದಲ್ಲಿ ವಿಜ್ಞಾನಿಗಳು ಅವರನ್ನು ಪರೀಕ್ಷಿಸಿದಾಗ ಗಂಟೆಗೆ 3.7 ಲೀಟರ್ ಬೆವರು ಹೋಗುತ್ತಿತ್ತು. ಅಷ್ಟು ಬೆವರು ಬಹಳ ಅಪರೂಪ. ಅಂಥವರು ಬಿಸಿಲಲ್ಲಿ ಎರಡು ಗಂಟೆ ಎರಡು ಲೋಟ ನೀರಲ್ಲಿ ಓಡಿದರು.

ಬಿಸಿಲಿನ ಪೆಟ್ಟು ಅವರಿಗೆ ಹೊಸದೂ ಅಲ್ಲ. 1978ರಲ್ಲಿ ಫಾಲ್ಮತ್ ಎಂಬಲ್ಲಿ ನಡೆದ ರಸ್ತೆ ಓಟದ ಕೊನೆಯಲ್ಲಿ ಕುಸಿದು ಬಿದ್ದಿದ್ದರು. ಮೈಬಿಸಿ 42 ಡಿಗ್ರಿ ಹತ್ತಿರ ಹೋಗಿತ್ತು. ಐಸ್ ನೀರಿನಲ್ಲಿ ಮಲಗಿಸಿದರು. ಬದುಕುವುದಿಲ್ಲವೇನೋ ಎಂದು ಪಾದ್ರಿ ಬಂದು ಕೊನೆಗಾಲದ ಪ್ರಾರ್ಥನೆಯನ್ನೂ ಮಾಡಿಬಿಟ್ಟಿದ್ದರು. ಆಗ ಅವರಿಗೆ ಇಪ್ಪತ್ತು ವರ್ಷ.

ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಸುಮಾರು ಹೊತ್ತು ಸುಮ್ಮನೆ ಕೂತಿದ್ದೆ. ಯಾಕೆಂದು ಹೇಳುತ್ತೇನೆ.

ತೊಂಬತ್ತರ ದಶಕದ ಮಾತು. ನಮ್ಮ ಜಿಲ್ಲೆಯ ಬಯಲುಸೀಮೆಯ ಒಂದು ತಾಲ್ಲೂಕಿನಲ್ಲಿ ಕೆಲಸ ಮಾಡುತ್ತಿದ್ದೆ. ಗುಡ್ಡಗಾಡು ಓಟಕ್ಕೆ ಹುಡುಗರನ್ನು ತಯಾರು ಮಾಡುತ್ತಿದ್ದೆ. ಹತ್ತನೇ ಕ್ಲಾಸಿನ ಒಬ್ಬ ಹುಡುಗ ಬಹಳ ಚೆನ್ನಾಗಿ ಓಡುತ್ತಿದ್ದ. ಬರಿಗಾಲು. ಹಗುರ ಮೈ. ಆ ಕಾಲದಲ್ಲಿ ನಮ್ಮೆಲ್ಲರ ತಲೆಯಲ್ಲೂ ಒಂದು ಮಾತು ಕೂತಿತ್ತು: ಓಡುವಾಗ ನೀರು ಕುಡಿಯಬಾರದು, ಹೊಟ್ಟೆ ಹಿಡಿಯುತ್ತದೆ, ಕಾಲು ಭಾರವಾಗುತ್ತದೆ. ನನ್ನ ಮೇಷ್ಟ್ರು ನನಗೆ ಹೇಳಿದ್ದು ಅದೇ. ನಾನು ನನ್ನ ಹುಡುಗರಿಗೆ ಹೇಳಿದ್ದೂ ಅದೇ. ಬಾಯಾರಿಕೆ ತಡೆದುಕೊಳ್ಳುವವನೇ ಗಟ್ಟಿ ಓಟಗಾರ ಎಂದು ನಂಬಿದ್ದೆ.

ಅವತ್ತು ಅಭ್ಯಾಸ ಶುರು ಮಾಡುವಾಗಲೇ ತಡವಾಗಿ, ಹತ್ತು ಗಂಟೆ ದಾಟಿತ್ತು. ಬಿಸಿಲು ಚುರುಗುಟ್ಟುತ್ತಿತ್ತು. ಹುಡುಗ ಹತ್ತಿರ ಬಂದು, "ಸಾ, ಬಾಯಿ ಒಣಗ್ತಾ ಐತೆ" ಎಂದ. ನಾನು, "ಮುಗಿಸು, ಆಮೇಲೆ ಕುಡಿ" ಎಂದೆ. ಅವನು ಮರುಮಾತಾಡಲಿಲ್ಲ. ಮೇಷ್ಟ್ರು ಹೇಳಿದ ಮೇಲೆ ಮುಗಿಯಿತು.

ಕೆರೆ ಏರಿಯ ಮೇಲೆ ಅವನ ಹೆಜ್ಜೆ ಅಡ್ಡಾದಿಡ್ಡಿಯಾಯಿತು. ಏನೋ ಮಾತಾಡುತ್ತಿದ್ದ, ಅರ್ಥವಾಗುತ್ತಿರಲಿಲ್ಲ. ನನ್ನನ್ನು ಅವನ ಅಣ್ಣನ ಹೆಸರಿನಿಂದ ಕರೆದ. ಆಮೇಲೆ ಮಂಡಿ ಊರಿ ಬಿದ್ದ. ಮುಟ್ಟಿದರೆ ಮೈ ಕಾದ ಕಾವಲಿ. ನಾನು ಅವನ ಕೆನ್ನೆ ತಟ್ಟುತ್ತಾ ಕೂತಿದ್ದೆ. ಏನು ಮಾಡಬೇಕು ಎಂದು ತೋಚಲಿಲ್ಲ. ತೂಬಿನ ಹತ್ತಿರ ಬಟ್ಟೆ ಒಗೆಯುತ್ತಿದ್ದ ಒಬ್ಬ ಅಜ್ಜಿ ಬಿಂದಿಗೆ ಹಿಡಿದು ಓಡಿ ಬಂತು. ಏನೂ ಕೇಳದೆ ಬಿಂದಿಗೆಯನ್ನು ಅವನ ತಲೆ, ಕತ್ತು, ಕಂಕುಳಿಗೆ ಸುರಿಯಿತು. ಮತ್ತೆ ಹೋಗಿ ತುಂಬಿಕೊಂಡು ಬಂತು. ಸೀರೆ ಸೆರಗನ್ನು ನೆನೆಸಿ ಎದೆಗೆ ಹಾಕಿತು. ಹುಣಸೆಮರದ ನೆರಳಿಗೆ ಎಳೆಯಲು ನನಗೆ ಹೇಳಿತು. ಆಮೇಲೆ ನನ್ನ ಕಡೆ ತಿರುಗಿ, "ಯಾಕ್ ಮೇಷ್ಟ್ರೇ, ಹೆತ್ತೋರ ಮಗಾನ ಸಾಯಿಸ್ತೀರಾ?" ಎಂದಿತು.

ಹುಡುಗ ಉಳಿದ. ಎರಡು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಹೋದ. ಆ ಅಜ್ಜಿಯ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ಅವತ್ತು ಅವಳು ಮಾಡಿದ್ದನ್ನೇ ಇವತ್ತು ಡಾಕ್ಟರುಗಳೂ ಹೇಳುತ್ತಾರೆ. ಬಿಸಿಲಿನ ಪೆಟ್ಟು ತಿಂದವನ ಮೈಯನ್ನು ಮೊದಲು ತಣ್ಣಗೆ ಮಾಡಿ, ಆಸ್ಪತ್ರೆಗೆ ಆಮೇಲೆ ಸಾಗಿಸಿ ಎಂದು. ಓಡುವವನು ತಡವರಿಸಿದರೆ, ಸಂಬಂಧವಿಲ್ಲದ ಮಾತಾಡಿದರೆ, ಮೈ ಸುಡುತ್ತಿದ್ದರೆ ಒಂದು ನಿಮಿಷವೂ ಯೋಚಿಸಬೇಡಿ. ನೆರಳು, ನೀರು, ಗಾಳಿ. ಪೂರ್ತಿ ಎಚ್ಚರ ಇಲ್ಲದವನ ಬಾಯಿಗೆ ಮಾತ್ರ ನೀರು ಹಾಕಬೇಡಿ, ಉಸಿರುನಾಳಕ್ಕೆ ಹೋಗುತ್ತದೆ.

ಇನ್ನೊಂದು ತುದಿಯೂ ಇದೆ, ಅದನ್ನೂ ಹೇಳಿಬಿಡುತ್ತೇನೆ. ನೀರು ಒಳ್ಳೆಯದು ಎಂದು ದಾರಿಯುದ್ದಕ್ಕೂ ಬರೀ ನೀರನ್ನೇ ಕುಡಿಯುತ್ತಾ ಹೋದರೆ ರಕ್ತದಲ್ಲಿ ಉಪ್ಪಿನಂಶ ಇಳಿಯುತ್ತದೆ. ಅದೂ ಪ್ರಾಣಕ್ಕೆ ಕುತ್ತು. 2002ರ ಬಾಸ್ಟನ್ ಓಟದಲ್ಲಿ 488 ಜನರ ರಕ್ತ ಪರೀಕ್ಷೆ ಮಾಡಿದಾಗ ನೂರಕ್ಕೆ 13 ಜನರಲ್ಲಿ ಸೋಡಿಯಂ ಕಡಿಮೆ ಇತ್ತು. ನಿಧಾನವಾಗಿ ಓಡಿ, ಹೆಚ್ಚು ಹೊತ್ತು ದಾರಿಯಲ್ಲಿದ್ದು, ಓಟದಲ್ಲೇ ತೂಕ ಏರಿಸಿಕೊಂಡವರಿಗೇ ಇದು ಜಾಸ್ತಿ. ಬಾಯಾರಿಕೆಯಾದಾಗ ಕುಡಿಯಿರಿ, ಬೇಡವಾದಾಗ ತುರುಕಬೇಡಿ. ನಮಗೆ ಉಪ್ಪು ಹಾಕಿದ ನೀರುಮಜ್ಜಿಗೆ ಇದ್ದೇ ಇದೆ. ಹೊಲದಲ್ಲಿ ದುಡಿಯುವವರು ಏನು ಕುಡಿಯುತ್ತಾರೋ ಅದು ನಿಮಗೂ ಆಗುತ್ತದೆ.

ಸರಿ, ಬಾಸ್ಟನ್ ರಸ್ತೆಗೆ ವಾಪಸ್ ಹೋಗೋಣ. ಅಲ್ಲಿ ಇಬ್ಬರೂ ಇನ್ನೂ ಓಡುತ್ತಲೇ ಇದ್ದಾರೆ.

ಕೊನೆಯ ಮೈಲಿ. ಜನ ಎರಡೂ ಕಡೆಯಿಂದ ಒತ್ತಿಕೊಂಡು ಬಂದು ದಾರಿ ಕಿರಿದಾಗಿದೆ. ಬಿಯರ್ಡ್‌ಸ್ಲಿ ಇನ್ನೂ ಮುಂದೆ. ಆಗ ಅವರ ತೊಡೆಯ ಹಿಂದಿನ ಸ್ನಾಯು ಹಿಡಿದುಕೊಂಡಿತು. ಕಾಲು ಹಿಡಿದರೆ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಹೆಜ್ಜೆ ಕುಂಟಿತು. ಸಲಜಾರ್ ನೆರಳು ಪಕ್ಕಕ್ಕೆ ಬಂತು, ದಾಟಿತು, ಆಮೇಲೆ ಮನುಷ್ಯನೇ ಮುಂದೆ ಹೋದ. ಅಷ್ಟು ಹೊತ್ತು ಕಾದು ಹಿಡಿದಿಟ್ಟಿದ್ದ ವೇಗವನ್ನು ಸಲಜಾರ್ ಆಗ ಬಿಟ್ಟರು. ಅಂತರ ಬೆಳೆಯಿತು. ಮುಗಿಯಿತು ಎಂದು ನೋಡಿದವರೆಲ್ಲ ಅಂದುಕೊಂಡರು.

ಅಷ್ಟರಲ್ಲಿ ಬಿಯರ್ಡ್‌ಸ್ಲಿ ಕಾಲು ರಸ್ತೆಯ ಒಂದು ಗುಂಡಿಗೆ ಬಿತ್ತು. ಬೇರೆ ದಿನವಾಗಿದ್ದರೆ ಅಲ್ಲೇ ಬೀಳಬೇಕಿತ್ತು. ಆದರೆ ಆ ಜರ್ಕಿಗೆ ಹಿಡಿದುಕೊಂಡಿದ್ದ ಸ್ನಾಯು ಬಿಟ್ಟುಕೊಂಡಿತು. ಕಾಲು ಮತ್ತೆ ಬಂತು. ಅವರು ಮತ್ತೆ ಓಡಿದರು, ಓಟದುದ್ದಕ್ಕೂ ಓಡಿರದಷ್ಟು ಜೋರಾಗಿ. ನಡುವೆ ಓಟಕ್ಕೆ ಬೆಂಗಾವಲಾಗಿದ್ದ ಪೊಲೀಸ್ ಬೈಕುಗಳು ಸಲಜಾರ್ ಹಿಂದೆ ಸೇರಿಕೊಂಡುಬಿಟ್ಟಿದ್ದವು. ಬಿಯರ್ಡ್‌ಸ್ಲಿ ಕಥೆ ಮುಗಿಯಿತು ಎಂದೇ ಆ ಪೊಲೀಸರೂ ಅಂದುಕೊಂಡಿದ್ದರು. ಬಿಯರ್ಡ್‌ಸ್ಲಿ ಆ ಬೈಕುಗಳನ್ನು ಸುತ್ತಿಕೊಂಡು ದಾಟಬೇಕಾಯಿತು. ಇಲ್ಲಿ ಓಟ ನಡೆಸುವವರೂ ಇದ್ದೀರಿ, ನಿಮ್ಮಲ್ಲಿ ಒಂದು ಕೋರಿಕೆ. ಪೈಲಟ್ ಬೈಕು ಮೊದಲನೆಯವನ ಮುಂದೆ ಇರಲಿ, ಸಾಕಷ್ಟು ಮುಂದೆ. ಮೊದಲನೆಯವನ ಮತ್ತು ಎರಡನೆಯವನ ನಡುವೆ ಯಾವತ್ತೂ ಬರಬಾರದು.

ಕೊನೆಯ ತಿರುವಿನ ನಂತರ ಸಲಜಾರ್ ಹಿಂದೆ ತಿರುಗಿ ನೋಡಿದಾಗ ಬಿಯರ್ಡ್‌ಸ್ಲಿ ಮತ್ತೆ ಬೆನ್ನಿಗೇ ಬಂದಿದ್ದರು. ಉಳಿದಿದ್ದ ಅಷ್ಟನ್ನೂ ಸುರಿದು ಸಲಜಾರ್ ಗೆರೆ ಮುಟ್ಟಿದರು. ಎರಡು ಸೆಕೆಂಡ್. ಹಿಂದಿನ ವರ್ಷ ಜಪಾನಿನ ತೊಶಿಹಿಕೊ ಸೆಕೊ ಮಾಡಿದ್ದ 2 ಗಂಟೆ 9 ನಿಮಿಷ 26 ಸೆಕೆಂಡಿನ ಬಾಸ್ಟನ್ ದಾಖಲೆಯನ್ನು ಇಬ್ಬರೂ ಮುರಿದಿದ್ದರು. ಒಂದೇ ಓಟದಲ್ಲಿ ಇಬ್ಬರು 2 ಗಂಟೆ 9 ನಿಮಿಷಕ್ಕಿಂತ ಕೆಳಗೆ ಬಂದದ್ದು ಜಗತ್ತಿನಲ್ಲಿ ಅದೇ ಮೊದಲು. ಮೂರನೆಯವರು ಬರಲು ಇನ್ನೂ ಮೂರು ನಿಮಿಷ ಬೇಕಾಯಿತು.

ಬಿಯರ್ಡ್‌ಸ್ಲಿ ಇಲ್ಲದಿದ್ದರೆ ಸಲಜಾರ್‌ಗೆ ಆ ಸಮಯ ಬರುತ್ತಿರಲಿಲ್ಲ ಎಂದು ನಾನು ಖಂಡಿತವಾಗಿ ನಂಬುತ್ತೇನೆ. ಬೇರೆ ಓಟಗಳಲ್ಲೂ ಕೂದಲೆಳೆಯ ಅಂತರ ಆಗಿದೆ. 1988ರಲ್ಲಿ ಇದೇ ಬಾಸ್ಟನ್‌ನಲ್ಲಿ ಕೀನ್ಯಾದ ಇಬ್ರಾಹಿಂ ಹುಸೇನ್, ಟಾಂಜಾನಿಯಾದ ಜುಮಾ ಇಕಾಂಗಾ ಅವರನ್ನು ಒಂದೇ ಸೆಕೆಂಡಿನಲ್ಲಿ ಸೋಲಿಸಿದರು. ಆದರೆ 14 ಕಿಲೋಮೀಟರ್ ಇಬ್ಬರೇ ಇಬ್ಬರು, ಒಬ್ಬರ ನೆರಳಿನಲ್ಲಿ ಒಬ್ಬರು ಹೀಗೆ ಸವೆದದ್ದು ನನಗೆ ಇನ್ನೊಂದು ಗೊತ್ತಿಲ್ಲ.

ಗೆರೆ ದಾಟಿದ ಸ್ವಲ್ಪ ಹೊತ್ತಿಗೆ ಸಲಜಾರ್ ಕುಸಿದರು. ಫಾಲ್ಮತ್‌ನಲ್ಲಿ ಮೈ ಕಾದಿತ್ತು. ಇಲ್ಲಿ ತಣ್ಣಗಾಗುತ್ತಾ ಹೋಯಿತು, 31 ಡಿಗ್ರಿಗೆ ಇಳಿಯಿತು. ಬೆವರಿ ಬೆವರಿ ಮೈಯಲ್ಲಿ ನೀರೇ ಉಳಿದಿರಲಿಲ್ಲ. 6 ಲೀಟರ್ ಸಲೈನ್ ಏರಿಸಿದರು. ಆರು ಲೀಟರ್! ಆಸ್ಪತ್ರೆಯಲ್ಲಿ ನೇತಾಡುವ ಅರ್ಧ ಲೀಟರಿನ ಬಾಟಲಿ ನೋಡಿದ್ದೀರಲ್ಲ, ಅಂಥವು 12.

ಇಬ್ಬರಿಗೂ ಮತ್ತೆ ಅಷ್ಟು ವೇಗದ ಮ್ಯಾರಥಾನ್ ಸಾಧ್ಯವಾಗಲಿಲ್ಲ. ಸಲಜಾರ್ ಅದೇ ವರ್ಷ ನ್ಯೂಯಾರ್ಕ್‌ನಲ್ಲಿ ನಾಲ್ಕು ಸೆಕೆಂಡ್ ಅಂತರದಲ್ಲಿ ಗೆದ್ದರು. ಅಲ್ಲಿಂದ ಇಳಿಮುಖ. 1984ರ ಒಲಿಂಪಿಕ್ಸ್ ಮ್ಯಾರಥಾನ್‌ನಲ್ಲಿ 15ನೇ ಸ್ಥಾನ. ಎಲ್ಲಕ್ಕೂ ಆ ಒಂದು ದಿನವೇ ಕಾರಣ ಎಂದು ಹೇಳಿದರೆ ತಪ್ಪಾಗುತ್ತದೆ. ಅವರು ಅಭ್ಯಾಸದಲ್ಲೂ ಮೈಯನ್ನು ಬಿಡುತ್ತಿರಲಿಲ್ಲ. 1994ರಲ್ಲಿ ದಕ್ಷಿಣ ಆಫ್ರಿಕಾದ ಕಾಮ್ರೇಡ್ಸ್ ಎಂಬ ಸುಮಾರು 90 ಕಿಲೋಮೀಟರಿನ ಓಟ ಗೆದ್ದರು. 2007ರಲ್ಲಿ ಹೃದಯಾಘಾತವಾಗಿ 14 ನಿಮಿಷ ನಾಡಿ ನಿಂತು ಬದುಕಿಕೊಂಡರು. ದೊಡ್ಡ ಕೋಚ್ ಆದರು. ಆದರೆ ಕೋಚ್ ಆಗಿ ಡೋಪಿಂಗ್, ಅಂದರೆ ಉದ್ದೀಪನ ಮದ್ದಿನ ನಿಯಮ ಮುರಿದದ್ದಕ್ಕೆ 2019ರಲ್ಲಿ ನಾಲ್ಕು ವರ್ಷ ನಿಷೇಧವೂ ಆಯಿತು. ಇದನ್ನು ಮುಚ್ಚಿಟ್ಟು ಮಕ್ಕಳ ಮುಂದೆ ಅವರ ಓಟವನ್ನು ಮಾತ್ರ ಹೊಗಳಲು ನನಗೆ ಆಗುವುದಿಲ್ಲ.

ಬಿಯರ್ಡ್‌ಸ್ಲಿ ಊರಿಗೆ ಹೋಗಿ ಹೊಲ, ಹಸು ನೋಡಿಕೊಂಡರು. 1989ರಲ್ಲಿ ಟ್ರ್ಯಾಕ್ಟರಿನ ಪಿ.ಟಿ.ಓ. ಶಾಫ್ಟಿಗೆ, ಅಂದರೆ ಬೇರೆ ಯಂತ್ರವನ್ನು ತಿರುಗಿಸುವ ಕಂಬಿಗೆ, ಕಾಲು ಸಿಕ್ಕಿಕೊಂಡಿತು. ರೋಟವೇಟರ್ ಓಡಿಸುವ ಮನೆಯವರಿಗೆ ಅದು ಎಂಥ ಅಪಾಯ ಎಂದು ಗೊತ್ತು. ಆಮೇಲೆ ರಸ್ತೆ ಅಪಘಾತ, ಮೇಲಿಂದ ಮೇಲೆ ಆಪರೇಷನ್. ನೋವಿನ ಮಾತ್ರೆ ಚಟವಾಯಿತು. ಸುಳ್ಳು ಚೀಟಿ ಬರೆದು ಮಾತ್ರೆ ಪಡೆದು 1996ರಲ್ಲಿ ಸಿಕ್ಕಿಬಿದ್ದರು. 1997ರ ಫೆಬ್ರವರಿಯಿಂದ ಚಟ ಬಿಟ್ಟಿದ್ದಾರೆ. ಮತ್ತೆ ಓಡಿದರು. ಊರೂರು ಸುತ್ತಿ ತಮ್ಮ ಕಥೆಯನ್ನು ತಾವೇ ಹೇಳುತ್ತಾರೆ, ಎರಡನೇ ಸ್ಥಾನದ ಬಗ್ಗೆಯೂ, ಮಾತ್ರೆಯ ಬಗ್ಗೆಯೂ.

ನಮ್ಮವರ ಒಂದು ಹೆಸರನ್ನೂ ಹೇಳದೆ ಇಳಿಯಲಾರೆ. ಬಿಹಾರದ ಶಿವನಾಥ್ ಸಿಂಗ್. 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಮ್ಯಾರಥಾನ್‌ನಲ್ಲಿ 11ನೆಯವರು. 1978ರಲ್ಲಿ ಜಲಂಧರ್‌ನಲ್ಲಿ 2 ಗಂಟೆ 12 ನಿಮಿಷದಲ್ಲಿ ಓಡಿದರು. ಆ ರಾಷ್ಟ್ರೀಯ ದಾಖಲೆ ನಲವತ್ತು ವರ್ಷಕ್ಕೂ ಜಾಸ್ತಿ ನಿಂತಿತು. ಅವರು ನಮ್ಮ ದೇಶದ ರಸ್ತೆಗಳಲ್ಲೇ ಬೆಳೆದವರು. ಅವರ ಪಕ್ಕದಲ್ಲಿ ಕೊನೆಯ 14 ಕಿಲೋಮೀಟರ್ ನೆರಳಿನ ಹಾಗೆ ಅಂಟಿಕೊಂಡು ಓಡುವ ಇನ್ನೊಬ್ಬ ಇದ್ದಿದ್ದರೆ ಏನಾಗುತ್ತಿತ್ತು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಮುಂದಿನ ಭಾನುವಾರ ನಾಮದ ಚಿಲುಮೆಯವರೆಗೆ ಓಟ ಇದೆ. ಬೆಳಿಗ್ಗೆ ಐದೂವರೆಗೆ ಹೊರಡುತ್ತೇವೆ, ಬಿಸಿಲು ಏರುವ ಮೊದಲು ಎಲ್ಲರೂ ಮುಗಿಸಬೇಕು. ದಾರಿಯಲ್ಲಿ ಮೂರು ಕಡೆ ನೀರಿನ ಮೇಜು ಇರುತ್ತದೆ. ಮೊದಲನೆಯದರಲ್ಲಿ ನಾನಿರುತ್ತೇನೆ. ಎರಡನೆಯದರಲ್ಲಿ ನಿಲ್ಲುವವನು ಆ ಕೆರೆ ಏರಿಯ ಹುಡುಗ. ಈಗ ಅವನಿಗೆ ನಲವತ್ತು ದಾಟಿದೆ, ಬೋರ್‌ವೆಲ್ ಮೋಟಾರ್ ರಿಪೇರಿ ಮಾಡುತ್ತಾನೆ. ನಾನು ಕೇಳಿದ ತಕ್ಷಣ, "ಮಜ್ಜಿಗೆ ನಮ್ಮನೇದೇ ತರ್ತೀನಿ ಸಾ" ಎಂದ. ಉಪ್ಪು ಅವನೇ ಹಾಕಿರುತ್ತಾನೆ. ಪೇಪರ್ ಲೋಟ ಇರುವುದಿಲ್ಲ, ಅಲ್ಲಿ ಕಾಡು. ಸ್ಟೀಲ್ ಲೋಟದಲ್ಲಿ ಕೊಡುತ್ತಾನೆ. ನಿಂತು ಕುಡಿಯಿರಿ, ಲೋಟ ವಾಪಸ್ ಅವನ ಕೈಗೇ ಕೊಟ್ಟು ಮುಂದೆ ಓಡಿ.